ವರಮಾನ ತೆರಿಗೆಯೂ ನಮ್ಮ ಕಿರಾಣಿ ಅಂಗಡಿಯೂ

ಕನ್ನಡದಲ್ಲಿ ‘ತೆರು’ ಎಂಬುದು ಹಳೆಯ ಧಾತು. ಕಪ್ಪ ತೆರುತ್ತಾರೆ, ದಂಡ ತೆರುತ್ತಾರೆ, ಬೆಲೆ ತೆರುತ್ತಾರೆ; ಒಂದು ಕಾಲಕ್ಕೆ ಮದುವೆಯಲ್ಲಿ ಹೆಣ್ಣಿನ ತಂದೆಗೆ ಕೊಡುತ್ತಿದ್ದ ಹಣಕ್ಕೂ ‘ತೆರ’ವೆಂದೇ ಹೆಸರಿತ್ತು. ಈ ಮಾತನ್ನು ಕೇಳಿದಾಗಲೆಲ್ಲ ಕೊಡುವವನೊಬ್ಬನು ನನ್ನ ಕಣ್ಣೆದುರಿಗೆ ಬಂದು ನಿಲ್ಲುತ್ತಾನೆ. ಚೀಲದ ಬಾಯಿ ಬಿಚ್ಚುತ್ತಾನೆ, ಎರಡು ಸಲ ಎಣಿಸುತ್ತಾನೆ, ಒಂದು ನಿಟ್ಟುಸಿರನ್ನೂ ಬಿಡುತ್ತಾನೆ. ಆ ಅರ್ಥದಲ್ಲಿ ನೋಡಿದರೆ ನನ್ನಂಥ ಸಂಬಳದಾರನು ವರಮಾನ ತೆರಿಗೆಯನ್ನು ತೆರುವುದೇ ಇಲ್ಲವೆನ್ನಬೇಕು. ತಿಂಗಳ ಕೊನೆಗೆ ಬರುವ ಚೀಟಿಯಲ್ಲಿ ಇಷ್ಟು ಮುರಿದುಕೊಂಡಿದೆ ಎಂದು ಬರೆದಿರುತ್ತದೆ, ಅಷ್ಟೆ. ಕೈಗೆ ಬಾರದ ಹಣ ಕೈಬಿಟ್ಟು ಹೋದರೆ ದುಃಖವೆಲ್ಲಿಯದು? ನಿಜವಾಗಿ ತೆರಬೇಕಾದವನು ಸ್ವಂತ ದುಡಿಮೆಯವನು: ಕಿರಾಣಿ ಅಂಗಡಿಯವನು, ದರ್ಜಿ, ಬಾಡಿಗೆಗೆ ಟ್ರ್ಯಾಕ್ಟರು ಇಟ್ಟವನು. ‘ನನ್ನ ಗಳಿಕೆ ಇಷ್ಟು’ ಎಂದು ಅವನು ತಾನೇ ಬಾಯಿಬಿಟ್ಟು ಹೇಳಬೇಕು. ಹೇಳಿದ್ದಕ್ಕೆ ಸಹಿ ಹಾಕಬೇಕು. ಅದು ಹಣ ಕೊಡುವುದಕ್ಕಿಂತಲೂ ಕಷ್ಟದ ಕೆಲಸವೆಂಬುದು ನನಗೆ ತಿಳಿದದ್ದು ನನ್ನ ತಮ್ಮನಿಂದ.

ಜಿಡಗಾ ಎಂದರೆ ಹೊರಗಿನವರಿಗೆ ಮಠದ ಊರು. ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಕಪ್ಪು ನೆಲದಲ್ಲಿ ಅದು ಇದೆ. ನಮಗೆ ಮಾತ್ರ ಅದು ನಮ್ಮ ತಂದೆಯವರ ಕಿರಾಣಿ ಅಂಗಡಿಯ ಊರು. ತಂದೆಯವರಿಗಿದ್ದ ಇಬ್ಬರು ಗಂಡುಮಕ್ಕಳಲ್ಲಿ ನಾನು ಪಂಪ ರನ್ನರನ್ನು ನೆಚ್ಚಿಕೊಂಡು ಪಟ್ಟಣ ಸೇರಿದೆ. ತಮ್ಮನು ಬೆಲ್ಲ ಬೇಳೆಗಳನ್ನು ನೆಚ್ಚಿಕೊಂಡು ಊರಿನಲ್ಲಿ ಉಳಿದ. ಇಬ್ಬರಲ್ಲಿ ಯಾರು ಜಾಣರೆಂದು ನಮ್ಮ ತಾಯಿಯವರು ಕೊನೆಯವರೆಗೂ ತೀರ್ಪು ಕೊಡಲಿಲ್ಲ.

ಅಂಗಡಿಯೆಂದರೆ ಹನ್ನೆರಡು ಅಡಿ ಅಗಲದ ಒಂದು ಖೋಲಿ. ಎದುರಿಗೆ ಕಟ್ಟೆ, ಒಳಗೆ ಗಲ್ಲಾಪೆಟ್ಟಿಗೆ, ಗೋಡೆಗೆ ಲಕ್ಷ್ಮಿಯ ಪಟ, ಅದರ ಕೆಳಗೆ ಕೆಂಪು ರಟ್ಟಿನ ಪುಸ್ತಕ. ಆ ಪುಸ್ತಕ ಉದ್ರಿಯ ಪುಸ್ತಕ. ರೋಖ ಕೊಟ್ಟು ಹೋದವರ ಹೆಸರು ಅದರಲ್ಲಿಲ್ಲ. ಕೊಡದೆ ಹೋದವರ ಹೆಸರು ಮಾತ್ರ ಇದೆ. ನಮ್ಮ ಕಡೆ ತೊಗರಿ ಬಂದರೆ ಉದ್ರಿ ತೀರುತ್ತದೆ, ತೊಗರಿ ಒಣಗಿದರೆ ಪುಸ್ತಕ ದಪ್ಪವಾಗುತ್ತದೆ. 2022ರಲ್ಲಿ ನೆಟೆರೋಗ ಬಂದು ಕಲಬುರಗಿ ಜಿಲ್ಲೆಯ ಹೊಲಗಳಲ್ಲಿ ತೊಗರಿ ನಿಂತಲ್ಲಿಯೇ ಒಣಗಿತಲ್ಲ, ಆ ವರ್ಷದ ಪುಸ್ತಕವನ್ನು ತಮ್ಮನು ಬೇರೆಯೇ ಕಟ್ಟಿ ಮೇಲಿನ ಅಟ್ಟದಲ್ಲಿಟ್ಟಿದ್ದಾನೆ. ಕೇಳಿದರೆ, ‘ಅದು ಪುಸ್ತಕ ಅಲ್ಲಣ್ಣಾ, ಪಂಚಾಂಗ. ನೋಡಬಾರದ್ದೆಲ್ಲಾ ಅದರಾಗದ’ ಎನ್ನುತ್ತಾನೆ.

ಇಂಥ ಅಂಗಡಿಗೆ ನಾಲ್ಕೈದು ವರ್ಷದ ಹಿಂದೆ ಒಂದು ಚೌಕದ ಚೀಟಿ ಬಂತು. ಚೀಟಿಯ ಮೇಲೆ ಇರುವೆ ಮುತ್ತಿದಂಥ ಕಪ್ಪು ಚುಕ್ಕೆಗಳು. ಫೋನನ್ನು ಅದರ ಮುಂದೆ ಹಿಡಿದರೆ ಗಿರಾಕಿಯ ಹಣ ಅಂಗಡಿಯವನ ಖಾತೆಗೆ ಸೇರುತ್ತದೆ, ಪಕ್ಕದ ಪೆಟ್ಟಿಗೆ ಅದನ್ನು ಕೂಗಿ ಹೇಳುತ್ತದೆ. ಚಿಲ್ಲರೆಯ ಜಗಳ ತಪ್ಪಿತು. ಅದಕ್ಕಿಂತ ದೊಡ್ಡದೊಂದು ಅನುಕೂಲವೂ ಆಯಿತು. ನಮ್ಮ ಊರುಗಳ ಹುಡುಗರು ಅರ್ಧದಷ್ಟು ಪುಣೆ, ಮುಂಬಯಿಗಳಲ್ಲಿ ದುಡಿಯುತ್ತಾರೆ. ಊರಿನಲ್ಲಿರುವ ತಾಯಂದಿರಿಗೆ ಬ್ಯಾಂಕಿನ ಪುಸ್ತಕವೇನೋ ಇದೆ. ಆದರೆ ಕಳೆ ತೆಗೆದು ತೆಗೆದು ಬೆರಳಿನ ಗೆರೆ ಸವೆದಿದೆ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಗುರುತು ಹಿಡಿಯುವುದಿಲ್ಲ. ಆದ್ದರಿಂದ ಮಕ್ಕಳು ಹಣವನ್ನು ತಮ್ಮನ ಫೋನಿಗೆ ಕಳಿಸುತ್ತಾರೆ. ತಮ್ಮನು ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ತಾಯಿಯ ಕೈಗೆ ಕೊಡುತ್ತಾನೆ. ಇದಕ್ಕೆ ಅವನು ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ತಾಯಿ ಹಣ ಎಣಿಸಿಕೊಂಡು ಅಲ್ಲಿಯೇ ಒಂದು ಕಿಲೋ ಸಕ್ಕರೆ ಕೊಂಡರೆ ಅದೇ ಅವನ ಲಾಭ.

2025ರ ಜುಲೈ ತಿಂಗಳಲ್ಲಿ ಗದ್ದಲವೆದ್ದದ್ದು ಓದುಗರಿಗೆ ನೆನಪಿರಬಹುದು. ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟೀಸು ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ ಬಂದ 1.63 ಕೋಟಿ ರೂಪಾಯಿಯ ಮೇಲೆ ಸುಮಾರು 29 ಲಕ್ಷದ ಬೇಡಿಕೆ ಬಂತೆಂದು ಪತ್ರಿಕೆಗಳೆಲ್ಲ ಬರೆದವು. ತಾಜಾ ತರಕಾರಿಗೆ ಆ ತೆರಿಗೆಯೇ ಇಲ್ಲ! ಬೆಂಗಳೂರಿನ ಬೇಕರಿ, ಚಹದಂಗಡಿಗಳವರು ಚೌಕದ ಚೀಟಿಯನ್ನು ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ನೋಂದಣಿ ಮಾತ್ರ ಮಾಡಿಕೊಳ್ಳಬೇಕು ಎಂದರು. ಆದರೆ ಭಯ ಬೆಂಗಳೂರಿನಿಂದ ಜಿಡಗಾಕ್ಕೆ ಬರುವಷ್ಟು ಬೇಗ ಭರವಸೆ ಬರುವುದಿಲ್ಲ. ತಮ್ಮನೂ ಚೀಟಿ ಕಿತ್ತಿದ್ದ. ರಾತ್ರಿ ಹತ್ತಕ್ಕೆ ನನಗೆ ಫೋನು ಮಾಡಿದ.

‘ಅಣ್ಣಾ, ಇನ್‌ಕಮ್ ಟ್ಯಾಕ್ಸಿನವರು ಬರ್ತಾರಂತ. ಹೌದೇನು?’

‘ಬಂದದ್ದು ಅವರಲ್ಲ, ಇವರು ಬೇರೆ’ ಎಂದೆ.

‘ಯಾರು ಬಂದರ ಏನು? ರೊಕ್ಕ ಹೋಗೋದು ಒಂದೇ ಗಲ್ಲಾದಾಗಿಂದ.’

ಈ ಮಾತಿಗೆ ಉತ್ತರ ಕೊಡುವ ಅರ್ಥಶಾಸ್ತ್ರಜ್ಞ ಇನ್ನೂ ಹುಟ್ಟಬೇಕು. ಆದರೂ ವ್ಯತ್ಯಾಸವಿದೆ. ಜಿ.ಎಸ್.ಟಿ.ಯು ಮಾರಿದ ಸರಕಿನ ಮೇಲಿನದು. ಸರಕು ಮಾರುವವನ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ವರಮಾನ ತೆರಿಗೆಯು ಮಾರಿ ಉಳಿದದ್ದರ ಮೇಲಿನದು. ಒಂದು ಕೇಳುವುದು ‘ಎಷ್ಟು ಹರಿಯಿತು?’ ಎಂದು, ಇನ್ನೊಂದು ಕೇಳುವುದು ‘ಎಷ್ಟು ನಿಂತಿತು?’ ಎಂದು. ಎರಡಕ್ಕೂ ಈಗ ಸಾಕ್ಷಿ ಹೇಳುವುದು ಒಂದೇ ಫೋನು, ಕಷ್ಟವೆಲ್ಲ ಅಲ್ಲಿಯೇ.

ಆ ಭಾನುವಾರ ನಾನು ಊರಿಗೆ ಹೋದಾಗ ಕಟ್ಟೆಯ ಮೇಲೆ ನಮ್ಮ ಓಣಿಯ ಆಯಿಯೊಬ್ಬಳು ಕುಳಿತಿದ್ದಳು. ಮಗ ಪುಣೆಯಲ್ಲಿ ಗಾರೆ ಕೆಲಸ ಮಾಡುವವನು. ಹಣ ಕಳಿಸುತ್ತೇನೆಂದರೆ ತಮ್ಮನು ಬೇಡವೆಂದಿದ್ದಾನೆ. ಆಕೆ ಮೂರು ದಿನದಿಂದ ಬಂದು ಕೂಡುತ್ತಿದ್ದಾಳೆ. ಬೈಯಲಿಲ್ಲ, ಬೇಡಲಿಲ್ಲ. ‘ಗುಳಿಗಿ ತೀರ್ಯಾವಪ್ಪ’ ಎಂದಷ್ಟೇ ನನಗೆ ಹೇಳಿದಳು. ತಮ್ಮನು ಬೇಳೆಯ ಡಬ್ಬಿಗಳನ್ನು ವಿನಾಕಾರಣ ಸರಿಸಿಡುತ್ತಿದ್ದ. ಕೊನೆಗೆ ಗುಳಿಗೆಯ ಹಣವನ್ನು ಅವನು ಉದ್ರಿ ಕೊಟ್ಟ. ಕಾನೂನಿಗೆ ಹೆದರಿ ನಿಲ್ಲಿಸಿದ ಉಪಕಾರವನ್ನು ಮನುಷ್ಯ ಇನ್ನೊಂದು ಬಾಗಿಲಿನಿಂದ ಮಾಡಲೇಬೇಕಾಗುತ್ತದೆ. ಊರಿನಲ್ಲಿ ಅಂಗಡಿಯಿಟ್ಟವನ ಹಣೆಬರಹ ಅದು.

ಇನ್ನೊಂದು ಸಂಗತಿಯೂ ಆ ದಿನ ಹೊರಬಿತ್ತು. ಹಿಂದಿನ ವರ್ಷ ತಮ್ಮನು ಹಿಟ್ಟಿನ ಗಿರಣಿ ಹಾಕಬೇಕೆಂದು ಒಂದು ಬ್ಯಾಂಕಿಗೆ ಸಾಲ ಕೇಳಲು ಹೋಗಿದ್ದನಂತೆ. ಅಲ್ಲಿ ಮೂರು ವರ್ಷದ ವರಮಾನ ವಿವರಣೆ ತಾ ಎಂದರಂತೆ. ಇವನಲ್ಲಿ ಒಂದು ವರ್ಷದ್ದೂ ಇಲ್ಲ. ‘ಇಪ್ಪತ್ತೆರಡು ವರ್ಷ ಅಂಗಡಿ ನಡಿಸೀನಣ್ಣಾ. ಆದರ ಕಾಗದದ ಮ್ಯಾಲ ನಾ ಹುಟ್ಟೇ ಇಲ್ಲ’ ಎಂದ. ಈ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ತೆರಿಗೆಯ ಕಾಗದವನ್ನು ನಾವು ಸರ್ಕಾರಕ್ಕೆ ಕೊಡುವ ತಪ್ಪೊಪ್ಪಿಗೆಯೆಂದೇ ತಿಳಿದಿದ್ದೇವೆ. ಅದು ದುಡಿದವನಿಗೆ ದುಡಿದದ್ದಕ್ಕೆ ಸಿಕ್ಕುವ ರಸೀದಿಯೂ ಹೌದು.

ಕಲಬುರಗಿಯಲ್ಲಿ ಲೆಕ್ಕಪರಿಶೋಧಕರೊಬ್ಬರಿದ್ದಾರೆ, ನನ್ನ ಹಳೆಯ ವಿದ್ಯಾರ್ಥಿ. ಹಳಗನ್ನಡದ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿದ್ದವರು. ಈಗ ಅವರ ಮುಂದೆ ನಾನು ಕೊನೆಯ ಬೆಂಚಿನವನು. ಅವರು ಮೊದಲು ಕೇಳಿದ ಪ್ರಶ್ನೆಯೇ ನಮ್ಮಿಬ್ಬರನ್ನೂ ಸುಮ್ಮನಾಗಿಸಿತು: ‘ಅಂಗಡಿ ಯಾರದು ಸರ್?’

‘ಇಬ್ಬರದೂ’ ಎಂದ ತಮ್ಮ. ‘ಅವನದು’ ಎಂದೆ ನಾನು.

ಹಿಂದೂ ಅವಿಭಕ್ತ ಕುಟುಂಬವೆಂಬುದನ್ನು ವರಮಾನ ತೆರಿಗೆಯ ಕಾನೂನು ಬೇರೆಯೇ ಒಬ್ಬ ವ್ಯಕ್ತಿಯಂತೆ ಕಾಣುತ್ತದೆ. ಅದರ ಬೇರು ಮಿತಾಕ್ಷರದಲ್ಲಿದೆ. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು, ನಮ್ಮ ಜಿಲ್ಲೆಯ ಮರತೂರಿನವನೆಂದು ಪ್ರತೀತಿ. ನಮ್ಮ ನೆರೆಯ ಊರಿನವನು ಒಂಬೈನೂರು ವರ್ಷದ ಹಿಂದೆ ಯೋಚಿಸಿದ್ದು ಇಂದಿಗೂ ತೆರಿಗೆಯ ಕಚೇರಿಯಲ್ಲಿ ನಡೆಯುತ್ತದಲ್ಲ ಎಂದು ನಾನು ಹಿಗ್ಗಿದೆ. ಪರವಾನಗಿ, ಬಾಡಿಗೆ, ಖಾತೆ ಎಲ್ಲವೂ ತಮ್ಮನ ಹೆಸರಿನಲ್ಲಿಯೇ ಇವೆ, ದುಡಿಮೆಯೂ ಅವನದೇ. ಲೆಕ್ಕಪರಿಶೋಧಕರು ಅವನ ಹೆಸರನ್ನೇ ಬರೆದುಕೊಂಡರು. ತಮ್ಮನ ಮುಖ ಸ್ವಲ್ಪ ಸಣ್ಣದಾಯಿತು. ಮನೆ ಒಡೆಯದೆಯೇ ಅಂಗಡಿಯನ್ನು ಅವನ ಪಾಲಿಗೆ ಕೊಟ್ಟಂತಾಯಿತೆಂದು ನನಗೆ ಮಾತ್ರ ಸಮಾಧಾನವಾಯಿತು.

ಆಮೇಲೆ ಅವರು ವಿವರಿಸಿದ್ದು ಇಷ್ಟು. ವರ್ಷಕ್ಕೆ 2 ಕೋಟಿಯೊಳಗೆ ವಹಿವಾಟು ಇರುವ ಸಣ್ಣ ವ್ಯಾಪಾರಿ ದೊಡ್ಡ ಲೆಕ್ಕದ ಪುಸ್ತಕಗಳನ್ನು ಇಡಲೇಬೇಕೆಂದಿಲ್ಲ. 1961ರ ಕಾಯಿದೆಯ 44-ಎಡಿ ಕಲಮಿನಂತೆ, ನಗದು ಮಾರಾಟದಲ್ಲಿ ನೂರಕ್ಕೆ ಎಂಟು, ಬ್ಯಾಂಕು ಅಥವಾ ಫೋನಿನ ಮೂಲಕ ಬಂದದ್ದರಲ್ಲಿ ನೂರಕ್ಕೆ ಆರು, ಇಷ್ಟು ಲಾಭವೆಂದು ಅಂದಾಜು ಹಿಡಿದು ಹೇಳಿದರೆ ಸರ್ಕಾರ ಒಪ್ಪುತ್ತದೆ. ನಿಜವಾಗಿ ಹೆಚ್ಚು ಗಳಿಸಿದ್ದರೆ ಹೆಚ್ಚೇ ಹೇಳಬೇಕು. ನಗದು ಬಂದದ್ದು ನೂರಕ್ಕೆ ಐದನ್ನು ಮೀರದಿದ್ದರೆ ಈ ಮಿತಿ 3 ಕೋಟಿ. ವೈದ್ಯರು, ವಕೀಲರು ಮೊದಲಾದವರಿಗೆ ಬೇರೆ ಕಲಮು. ಅವರ ಗಳಿಕೆಯಲ್ಲಿ ಅರ್ಧ ಲಾಭವೆಂಬ ಅಂದಾಜು. ಆಳಂದದ ಅಡತಿ ವ್ಯಾಪಾರಿಗಳಿಗೆ, ಅಂದರೆ ದಲಾಲಿಯ ಮೇಲೆ ಬದುಕುವವರಿಗೆ, ಈ ಸೌಕರ್ಯವಿಲ್ಲ. ಅವರು ಪುಸ್ತಕ ಇಡಲೇಬೇಕು. 2025ರಲ್ಲಿ ಹೊಸ ಕಾಯಿದೆ ಅಂಗೀಕಾರವಾಗಿ, 2026ರ ಏಪ್ರಿಲ್ 1ರಿಂದ ಹಳೆಯದರ ಜಾಗಕ್ಕೆ ಬರುವಂತೆ ಗೊತ್ತಾಯಿತು. ಅದರಲ್ಲಿ ಕಲಮುಗಳು 819ರಿಂದ 536ಕ್ಕೆ ಇಳಿದಿವೆ, ಅಂದಾಜಿನ ಈ ಪದ್ಧತಿ ಮಾತ್ರ ಉಳಿದಿದೆ.

ತಮ್ಮನು ಕೇಳಿದ: ‘ತೊಗರಿ ಒಣಗಿದ ವರ್ಷ ನೂರಕ್ಕ ಎಂಟು ಎಲ್ಲಿಂದ ಬರ್ತದ್ರಿ? ಉದ್ರಿ ಬರಾಂಗಿಲ್ಲ, ಅಸಲೇ ಮುಳಗ್ತದ.’

ಪ್ರಶ್ನೆ ನ್ಯಾಯವಾದದ್ದು. ಅಂಥ ವರ್ಷ ಕಡಿಮೆ ತೋರಿಸಬಹುದು; ಆದರೆ ಆಗ ಪುಸ್ತಕವಿರಬೇಕು, ಒಟ್ಟು ಆದಾಯ ತೆರಿಗೆಯ ಮಿತಿಯನ್ನು ದಾಟಿದ್ದರೆ ಲೆಕ್ಕತಪಾಸಣೆಯೂ ಆಗಬೇಕು. ಒಮ್ಮೆ ಅಂದಾಜಿನ ದಾರಿ ಹಿಡಿದು ನಡುವೆ ಬಿಟ್ಟವನು ಐದು ವರ್ಷ ಅದಕ್ಕೆ ಮರಳುವಂತಿಲ್ಲ. ಕಾನೂನು ಸರಾಸರಿಯನ್ನು ಬಲ್ಲದು, ಬರಗಾಲವನ್ನು ಅಷ್ಟಾಗಿ ಬಲ್ಲದು.

ಅವನ ಇನ್ನೊಂದು ತಕರಾರೂ ಇತ್ತು. ‘ಐವತ್ತು ಎಕರೆ ಇದ್ದವರಿಗೆ ತೆರಿಗಿ ಇಲ್ಲ. ಹನ್ನೆರಡು ಫೂಟಿನ ಅಂಗಡಿ ಇದ್ದವಗ ಅದ. ಇದ್ಯಾವ ನ್ಯಾಯ?’ 1860ರಲ್ಲಿ ಜೇಮ್ಸ್ ವಿಲ್ಸನ್ ಈ ದೇಶಕ್ಕೆ ವರಮಾನ ತೆರಿಗೆ ತಂದಾಗ ಹೊಲದ ಆದಾಯಕ್ಕೂ ಅದು ಇತ್ತು. 1886ರ ಕಾಯಿದೆ ಬೇಸಾಯವನ್ನು ಹೊರಗಿಟ್ಟಿತು. ಸಂವಿಧಾನವು ಬೇಸಾಯದ ಆದಾಯದ ತೆರಿಗೆಯನ್ನು ರಾಜ್ಯಗಳ ಪಟ್ಟಿಗೆ ಸೇರಿಸಿತು. ನಮ್ಮ ಭಾಗದ ಕತೆ ಇನ್ನೂ ಬೇರೆ. ನಿಜಾಮರ ಹೈದರಾಬಾದಿಗೆ ಫಸಲಿ 1357ರದೊಂದು ಪ್ರತ್ಯೇಕ ವರಮಾನ ತೆರಿಗೆ ಕಾಯಿದೆಯೇ ಇತ್ತು. ಭಾರತದ ಕಾಯಿದೆ ಕಲಬುರಗಿಗೆ ಕಾಲಿಟ್ಟದ್ದು 1950ರ ಏಪ್ರಿಲ್ 1ರಿಂದ. ಇದನ್ನೆಲ್ಲ ಹೇಳಿದೆ. ತಮ್ಮನು ಕೇಳಿಸಿಕೊಂಡು, ‘ಇತಿಹಾಸ ಗೊತ್ತಾಯ್ತಣ್ಣಾ, ನ್ಯಾಯ ಗೊತ್ತಾಗ್ಲಿಲ್ಲ’ ಎಂದ. ನಮ್ಮ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ, ಅಂಗಡಿದೆರೆ, ಹೆಜ್ಜುಂಕ, ವಡ್ಡರಾವುಳಗಳ ಸಾಲು ಸಾಲೇ ಇದೆ. ಗಾಣದವನೂ ಆಗ ಸುಂಕದ ಹೆಗ್ಗಡೆಗೆ ಇದೇ ಮಾತನ್ನು ಹೇಳಿರಬೇಕು; ಅದನ್ನು ಕಲ್ಲಿನ ಮೇಲೆ ಕೆತ್ತಿಸುವವರು ಯಾರೂ ಇರಲಿಲ್ಲ.

ಇನ್ನು ನಮ್ಮ ಲೆಕ್ಕ. 2024-25ರಲ್ಲಿ ತಮ್ಮನ ಖಾತೆಗೆ ಫೋನಿನಿಂದ ಬಂದದ್ದು 31 ಲಕ್ಷ. ನಗದು ಮಾರಾಟ, ಸರಕು ಕೊಂಡ ಚೀಟಿಗಳಿಂದ ಅಂದಾಜು ಮಾಡಿದರೆ, 13 ಲಕ್ಷ. ಕೂಡಿಸಿದರೆ 44 ಲಕ್ಷ. ಅಂದರೆ 40 ಲಕ್ಷದ ಗೆರೆಯನ್ನು ದಾಟಿದ ಹಾಗೆ. ಆದರೆ ಆ 31 ಲಕ್ಷದಲ್ಲಿ ಅವನದಲ್ಲದ ಹಣ ಎಷ್ಟು? ತಾಯಂದಿರ ಹಣ ಎಷ್ಟು? ಅವನ ಕೆಂಪು ಪುಸ್ತಕದಲ್ಲಿ ಊರು ಅವನಿಗೆ ಕೊಡಬೇಕಾದದ್ದೆಲ್ಲ ಇದೆ. ಅವನು ಊರಿಗೆ ಕೊಟ್ಟದ್ದು ಒಂದೂ ಇಲ್ಲ. ‘ಕೊಟ್ಟದ್ದು ಯಾರರ ಬರೀತಾರೇನಣ್ಣಾ?’ ಎನ್ನುವುದು ಅವನ ಧರ್ಮಶಾಸ್ತ್ರ.

ಶ್ರಾವಣದ ಮೂರು ರಾತ್ರಿ ನಾವಿಬ್ಬರೂ ಅಂಗಡಿಯ ಬಾಗಿಲು ಎಳೆದುಕೊಂಡು, ಬ್ಯಾಂಕಿನಿಂದ ತೆಗೆಸಿದ ಹಾಳೆಗಳ ಮುಂದೆ ಕುಳಿತೆವು. ಪುಣೆ ಮುಂಬಯಿಗಳ ಹುಡುಗರ ಹೆಸರಿನ ಮುಂದೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆವು. ಸಂಶಯ ಬಂದಾಗ ಆಯಂದಿರನ್ನು ಕರೆಸಿದೆವು. ಅಬ್ಬಾ, ಅವರ ನೆನಪೇ! ತಾರೀಖು ಅವರಿಗೆ ಗೊತ್ತಿಲ್ಲ, ಹಬ್ಬ ಗೊತ್ತು. ‘ಎಳ್ಳಮಾಸಿಗಿ ಎರಡು ದಿನ ಮೊದಲ ಮೂರು ಸಾವಿರ ಕೊಟ್ಟಿದೆಪ್ಪ’ ಎಂದರೆ, ಹಾಳೆಯಲ್ಲಿ ಡಿಸೆಂಬರ್ 28ರಂದು ಮೂರು ಸಾವಿರ ಇದ್ದೇ ಇದೆ. ‘ನಾಗಪಂಚಮಿಗಿ ಎರಡು ಸಾವಿರ, ಸೊಸಿಗಿ ಸೀರಿ ತಂದಿದ್ದೆ.’ ಅದೂ ಇದೆ. ಕಾರಹುಣ್ಣಿಮೆ, ಮಹಾನವಮಿ, ಶರಣಬಸವೇಶ್ವರರ ಜಾತ್ರೆ, ಹೀಗೆ ಇಡೀ ವರ್ಷ ಬಾಯಿಯಿಂದ ಕಾಗದಕ್ಕೆ ಇಳಿಯಿತು. ಗುಳಿಗೆಯ ಆಯಿಯಂತೂ ಹೆಬ್ಬೆಟ್ಟು ಒತ್ತಿ, ‘ಈ ಯಂತ್ರ ಹಿಡೀಲಿಲ್ಲ, ನಿಮ್ಮ ಕಾಗದನರ ಹಿಡೀತದೇನು?’ ಎಂದು ಕೇಳಿದಳು. ಹಿಡಿಯಿತು. ಲೆಕ್ಕ ಮುಗಿದಾಗ 9 ಲಕ್ಷ ತಮ್ಮನದಲ್ಲವೆಂದು ಹೆಸರು ಹೆಸರಾಗಿ ನಿಂತಿತ್ತು.

ಉಳಿದದ್ದು ಸಣ್ಣ ಗಣಿತ. ಫೋನಿನ ಮಾರಾಟ 22 ಲಕ್ಷಕ್ಕೆ ನೂರಕ್ಕೆ ಆರರಂತೆ 1,32,000. ನಗದು 13 ಲಕ್ಷಕ್ಕೆ ನೂರಕ್ಕೆ ಎಂಟರಂತೆ 1,04,000. ಒಟ್ಟು 2,36,000. ವಹಿವಾಟು 35 ಲಕ್ಷ, ಜಿ.ಎಸ್.ಟಿ. ಗೆರೆಯ ಒಳಗೆ. ಹೊಸ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆಯೇ ಇಲ್ಲ. ಲೆಕ್ಕಪರಿಶೋಧಕರು, ‘ಕಾಗದ ಸಲ್ಲಿಸಲೇಬೇಕೆಂಬ ಕಡ್ಡಾಯವೂ ನಿಮಗಿಲ್ಲ, ಆದರೆ ಸಲ್ಲಿಸಿ’ ಎಂದರು. ತಮ್ಮನು ‘ಹಾಕ್ರಿ’ ಎಂದ. ಕಂಪ್ಯೂಟರಿನಿಂದ ಸ್ವೀಕೃತಿಯ ಕಾಗದ ಹೊರಬಂತು. ತೆರಬೇಕಾದದ್ದು: ಸೊನ್ನೆ.

‘ಒಂದು ರೂಪಾಯಿನೂ ಇಲ್ಲೇನಣ್ಣಾ?’ ಎಂದ ತಮ್ಮ. ಅವನ ಧ್ವನಿಯಲ್ಲಿ ನೆಮ್ಮದಿಯಿತ್ತು. ಆದರೆ ಎಲ್ಲಿಯೋ ಸ್ವಲ್ಪ ನಿರಾಶೆಯೂ ಇತ್ತು. ತಿಂಗಳುಗಟ್ಟಲೆ ಹೆದರಿದ್ದಕ್ಕೆ ಸರ್ಕಾರ ಒಂದು ರೂಪಾಯಿಯ ಮರ್ಯಾದೆಯನ್ನಾದರೂ ಮಾಡಬೇಡವೆ?

ಐದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳಂತೆ. ಈ ಕತೆಯನ್ನು ತರಗತಿಯಲ್ಲಿ ನಾನು ದುರಾಸೆಯ ವಿರುದ್ಧವಾದ ಕತೆಯೆಂದು ಪಾಠ ಹೇಳುತ್ತ ಬಂದಿದ್ದೇನೆ. ಅದು ಲೆಕ್ಕದ ಕತೆಯೂ ಹೌದೆಂದು ಈಗ ತೋರುತ್ತದೆ. ತನ್ನದು ಎಷ್ಟು, ತನ್ನದಲ್ಲದ್ದು ಎಷ್ಟು ಎಂದು ದಿನದಿನವೂ ಅಳೆದು ತಿಳಿದಿದ್ದ ಮನೆಯಲ್ಲಿ ಮಾತ್ರ ಹೆಚ್ಚಿನ ಹಿಡಿ ಅಕ್ಕಿ ಕಣ್ಣಿಗೆ ಬೀಳುತ್ತದೆ. ಅಳತೆಯೇ ಇಲ್ಲದ ಮನೆಯಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೊರಗಿನವರು ಬಂದು ಹೇಳಿದ್ದೇ ಲೆಕ್ಕ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅವರ ಬಳಿಯಲ್ಲಿ ಬದುಕಿದವರಿಗೆ ಲೆಕ್ಕವು ಭಕ್ತಿಗೆ ಹೊರಗಿನದಾಗಿರಲಿಲ್ಲ.

ಸರ್ಕಾರದ ಕೈಯಲ್ಲಿಯೂ ತಪ್ಪಿಲ್ಲವೆಂದು ನಾನು ಹೇಳುತ್ತಿಲ್ಲ. ಖಾತೆಗೆ ಬಂದದ್ದೆಲ್ಲ ವ್ಯಾಪಾರವೆಂದು ತಿಳಿಯುವ ಯಂತ್ರಕ್ಕೆ ಆಯಿಯ ಗುಳಿಗೆಯ ಹಣ ಕಾಣುವುದಿಲ್ಲ. ಅದನ್ನು ಕಾಣಿಸುವ ಭಾರವನ್ನು ಹೊತ್ತವನು, ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ತಕ್ಕಡಿ ಹಿಡಿದವನು. ಅವನಿಗೆ ಅರ್ಥವಾಗುವ ಕನ್ನಡದಲ್ಲಿ ನಾಲ್ಕು ಸಾಲು ಮುಂಚೆಯೇ ತಿಳಿಸಿದ್ದರೆ ಅರ್ಧ ಭಯ ಹುಟ್ಟುತ್ತಲೇ ಇರಲಿಲ್ಲ. ನೋಟೀಸಿಗೆ ಮೊದಲು ತಿಳಿವಳಿಕೆ ಬರಬೇಕು. ಇದು ಮೇಷ್ಟರ ಮಾತು, ಮನ್ನಿಸಬೇಕು.

ದೀಪಾವಳಿಯ ಪಾಡ್ಯದಂದು ನಮ್ಮಲ್ಲಿ ಹೊಸ ಪುಸ್ತಕದ ಪೂಜೆ. ಈ ಸಲ ತಮ್ಮನು ಎರಡು ಪುಸ್ತಕ ತಂದಿದ್ದ. ಒಂದು ಎಂದಿನ ಉದ್ರಿಯದು. ಇನ್ನೊಂದರಲ್ಲಿ ಅವನೇ ಗೆರೆ ಎಳೆದಿದ್ದ: ಕಳಿಸಿದವರು, ಮುಟ್ಟಿದವರು, ಹೆಬ್ಬೆಟ್ಟು. ಅಂಗಡಿಯ ಹಣಕ್ಕೆ ಬೇರೆ ಖಾತೆ ತೆಗೆದಿದ್ದ. ಚೌಕದ ಚೀಟಿ ಮರಳಿ ಗೋಡೆಗೆ ಬಂದಿತ್ತು. ಸೊನ್ನೆಯ ಕಾಗದಕ್ಕೂ ಕುಂಕುಮ ಬಿದ್ದಿತು. ‘ಇನ್ನೆರಡು ಬಂದರ ಗಿರಣಿ’ ಎಂದು ತಮ್ಮನು ಎಣಿಸಿದ. ಮೊದಲ ಪುಟದಲ್ಲಿ ‘ಶ್ರೀ’ ಎಂದು ಬರೆದು, ಅದರ ಕೆಳಗೆ ಮೊದಲನೆಯ ಹೆಸರನ್ನು ಬರೆದ. ಅದು ಗುಳಿಗೆಯ ಆಯಿಯದು. ಅವಳು ಆಗಲೇ ಕಟ್ಟೆಯ ಮೇಲೆ ಕುಳಿತಿದ್ದಳು.